200 ಯೂನಿಟ್ ಗೆರೆಯೊಳಗೆ ಮನೆ ಕರೆಂಟ್: ಎಲ್ಲಿ ಸೋರುತ್ತದೆ, ಹೇಗೆ ತಡೆಯುವುದು

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಕರ್ನಾಟಕದ ಮನೆಗಳಲ್ಲಿ ಕರೆಂಟ್ ಉಳಿತಾಯದ ಲೆಕ್ಕವೇ ಬದಲಾಗಿದೆ. ಮೊದಲೆಲ್ಲ ಹತ್ತು ಯೂನಿಟ್ ಉಳಿಸಿದರೆ ಹತ್ತು ಯೂನಿಟ್‌ನ ದುಡ್ಡು ಉಳಿಯುತ್ತಿತ್ತು, ಅಷ್ಟೇ. ಈಗ 2022-23ರಲ್ಲಿ ನೀವಿರುವ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದ್ದು ನಿಮ್ಮ ಅರ್ಹ ಯೂನಿಟ್. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸುತ್ತಾರೆ. ಹಳೆಯ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ 53 ಯೂನಿಟ್ ಸರಾಸರಿ ಎಂದು ಹಿಡಿದು 58 ಯೂನಿಟ್ ಕೊಡುತ್ತಾರೆ. ಅರ್ಹ ಯೂನಿಟ್ ಒಳಗಿದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್.

ಒಂದು ಮನೆಯ ಅರ್ಹ ಯೂನಿಟ್ 165 ಅಂತಿಟ್ಟುಕೊಳ್ಳಿ. ದರ ವರ್ಷವರ್ಷ ಬದಲಾಗುತ್ತದೆ; ತೆರಿಗೆ ಗಿರಿಗೆ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹತ್ತಿರ ಹಿಡಿದರೆ ಲೆಕ್ಕ ಸುಲಭ. ಈ ತಿಂಗಳು 198 ಯೂನಿಟ್ ಆದರೆ ಕಟ್ಟಬೇಕಾದ್ದು ಇನ್ನೂರು ಚಿಲ್ಲರೆ. 203 ಆದರೆ 203 ಯೂನಿಟ್‌ಗೂ ಬಿಲ್, ಅದರ ಮೇಲೆ ಮಂಜೂರಾದ ಲೋಡ್‌ನ (ಮನೆ ಒಮ್ಮೆಗೆ ಎಳೆಯಬಹುದೆಂದು ಒಪ್ಪಿಗೆಯಾದ ಕಿಲೋವ್ಯಾಟ್) ನಿಗದಿತ ಶುಲ್ಕ. 3 ಕಿಲೋವ್ಯಾಟ್ ಲೋಡ್ ಇದ್ದರೆ ಒಟ್ಟು 1,700 ದಾಟುತ್ತದೆ. ಐದು ಯೂನಿಟ್‌ಗೆ ಸಾವಿರದೈನೂರು ರೂಪಾಯಿ! ಹಾಗಾಗಿ 180ರಿಂದ 240 ಯೂನಿಟ್ ಬಳಸುವ ಮನೆಯವರು ಈ ಲೇಖನವನ್ನು ಉಳಿದವರಿಗಿಂತ ಗಮನವಿಟ್ಟು ಓದಬೇಕು. ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವವರು ದುಡ್ಡಿನ ಆಸೆಗೆ ಹೊಸ ಫ್ಯಾನು, ಹೊಸ ಫ್ರಿಜ್ಜು ಕೊಳ್ಳುವ ಅಗತ್ಯವಿಲ್ಲ.

ಮೊದಲು ಮೀಟರ್ ಓದಿ

ಬಿಲ್ ಬಂದ ಮೇಲೆ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ತಿಂಗಳ ನಡುವೆಯೇ ಗೊತ್ತಾಗಬೇಕು.

1. ಮೀಟರ್ ರೀಡರ್ ಬಂದು ಹೋದ ದಿನ ಬಿಲ್‌ನಲ್ಲಿರುವ ‘ಇಂದಿನ ರೀಡಿಂಗ್’ ಬರೆದಿಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಮೀಟರ್‌ನ ಪರದೆ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ದಿನಾಂಕ, ವೋಲ್ಟೇಜ್ ಎಲ್ಲ ಬಂದು ಹೋಗುತ್ತವೆ. ಪಕ್ಕದಲ್ಲಿ ಕೆಡಬ್ಲ್ಯುಎಚ್ ಎಂದು ಬರುವ ಅಂಕಿಯೇ ಯೂನಿಟ್.

2. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಮತ್ತೆ ನೋಡಿ. 200ರ ಒಳಗಿರಬೇಕಾದರೆ ದಿನಕ್ಕೆ ಆರೂವರೆ ಯೂನಿಟ್, ವಾರಕ್ಕೆ 45. ಎರಡು ವಾರಕ್ಕೆ 105 ಆಗಿದ್ದರೆ ಉಳಿದ ಎರಡು ವಾರ ಬಿಗಿ ಹಿಡಿಯಲು ಇನ್ನೂ ಸಮಯವಿದೆ.

3. ಪರದೆಯಲ್ಲಿ ಎಂಡಿ ಎಂದು ಬರುವುದು ಆ ತಿಂಗಳಲ್ಲಿ ಮನೆ ಒಮ್ಮೆಗೆ ಎಳೆದ ಗರಿಷ್ಠ ಕಿಲೋವ್ಯಾಟ್. ಪೂರ್ತಿ ಬಿಲ್ ಕಟ್ಟುವ ಮನೆಯಲ್ಲಿ ಮಂಜೂರಾದ ಲೋಡ್ 5 ಕಿಲೋವ್ಯಾಟ್ ಇದ್ದು, ವರ್ಷವಿಡೀ ಎಂಡಿ ಎರಡೂವರೆ ದಾಟದಿದ್ದರೆ, ಲೋಡ್ ಇಳಿಸಲು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಹಾಕಬಹುದು. ನಿಗದಿತ ಶುಲ್ಕ ಲೋಡ್‌ನ ಮೇಲೆ ನಿಂತಿರುವುದರಿಂದ ಒಂದು ಯೂನಿಟ್ ಉಳಿಸದೆಯೂ ಬಿಲ್ ಇಳಿಯುತ್ತದೆ.

ಮೀಟರ್ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಮನೆಯಲ್ಲಿರುವ ಅತ್ಯುತ್ತಮ ಪರೀಕ್ಷಾ ಉಪಕರಣ ಅದೇ. ಮೀಟರ್‌ನ ಮುಖದ ಮೇಲೆ 3200 ಐಎಂಪಿ/ಕೆಡಬ್ಲ್ಯುಎಚ್ ಅಥವಾ 1600 ಎಂದು ಅಚ್ಚಾಗಿರುತ್ತದೆ. ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಒಂದು ನಿಮಿಷ ಎಣಿಸಿ. 3200ರ ಮೀಟರ್ ಆದರೆ ಬಂದ ಸಂಖ್ಯೆಯನ್ನು 19ರಿಂದ, 1600ರದ್ದಾದರೆ 37ರಿಂದ ಗುಣಿಸಿ. ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್ ಸುಮಾರಾಗಿ ಸಿಕ್ಕಿತು. ಯಾವುದೇ ಉಪಕರಣ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಉಳಿದದ್ದೆಲ್ಲ ಆರಿಸಿ, ಅದೊಂದನ್ನೇ ಹಾಕಿ ಎಣಿಸಿದರೆ ಸಾಕು.

ರಾತ್ರಿ ಮಲಗುವ ಮುನ್ನ ಫ್ರಿಜ್ ಸೇರಿ ಎಲ್ಲವನ್ನೂ ಐದು ನಿಮಿಷ ಆರಿಸಿ ನೋಡಿ. ದೀಪ ಮಿಣುಕುವುದು ನಿಲ್ಲಬೇಕು. ನಿಮಿಷಕ್ಕೆ ಮೂರು ನಾಲ್ಕು ಸಲ ಮಿಣುಕುತ್ತಲೇ ಇದ್ದರೆ ಬೋರ್ಡಿನ ಸುರಕ್ಷತಾ ಸ್ವಿಚ್‌ಗಳಾದ ಎಂಸಿಬಿಗಳನ್ನು ಒಂದೊಂದಾಗಿ ಕೆಳಗೆ ಮಾಡಿ; ಯಾವುದನ್ನು ಇಳಿಸಿದಾಗ ನಿಲ್ಲುತ್ತದೋ ಆ ಸಾಲಿನಲ್ಲಿ ಮರೆತುಹೋದ ಉಪಕರಣವಿದೆ, ಇಲ್ಲವೇ ವೈರ್‌ನಲ್ಲಿ ಲೀಕೇಜ್ ಇದೆ. ಎಲ್ಲ ಎಂಸಿಬಿ ಇಳಿಸಿದ ಮೇಲೂ ಮಿಣುಕಿದರೆ ಮೀಟರ್‌ಗೂ ನಿಮ್ಮ ಬೋರ್ಡಿಗೂ ನಡುವೆ ಯಾರೋ ಕರೆಂಟ್ ತೆಗೆದಿದ್ದಾರೆ ಎಂದರ್ಥ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇದು ಅಪರೂಪವೇನಲ್ಲ: ಮೆಟ್ಟಿಲ ಲೈಟು, ಗೇಟಿನ ಲೈಟು, ಕೆಲವೊಮ್ಮೆ ಇಡೀ ಕಟ್ಟಡದ ಸಂಪಿನ ಮೋಟಾರು ಕೂಡ ಯಾವುದೋ ಒಬ್ಬ ಬಾಡಿಗೆದಾರನ ಮೀಟರ್ ಮೇಲೆ ಓಡುತ್ತಿರುತ್ತದೆ. ಮನೆ ಹಿಡಿಯುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಮನೆ ಬಿಡುವಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ (ಬಿಲ್‌ನಲ್ಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಆಧಾರ್ ಡಿ-ಲಿಂಕ್ ಮಾಡಿ, ಹೊಸ ಮನೆಯ ಸಂಖ್ಯೆಗೆ ಗೃಹಜ್ಯೋತಿ ನೋಂದಾಯಿಸುವುದನ್ನು ಮರೆಯಬೇಡಿ. ಎರಡೂ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲೇ ಆಗುತ್ತದೆ.

ಸ್ನಾನದ ನೀರು

ಎಸಿ ಇಲ್ಲದ ಮನೆಯಲ್ಲಿ ಹೆಚ್ಚು ಕರೆಂಟ್ ಹೋಗುವ ಜಾಗಗಳಲ್ಲಿ ಬಚ್ಚಲೂ ಒಂದು. 22 ಡಿಗ್ರಿಯ ತಣ್ಣೀರನ್ನು 40 ಡಿಗ್ರಿಗೆ, ಅಂದರೆ ಹಿತವಾದ ಸ್ನಾನದ ಬಿಸಿಗೆ ತರಲು 20 ಲೀಟರ್‌ನ ಒಂದು ಬಕೆಟ್‌ಗೆ 0.42 ಯೂನಿಟ್ ಬೇಕು. ಗೀಸರ್ ಯಾವ ಕಂಪನಿಯದ್ದಾದರೂ, ಅದು ಇನ್‌ಸ್ಟಂಟ್ ಆಗಲಿ, ಸ್ಟೋರೇಜ್ ಆಗಲಿ, ಬಕೆಟ್‌ಗೆ ಅದ್ದುವ ಕಾಯಿಲ್ ಆಗಲಿ, ಈ ಅಂಕಿ ಕಡಿಮೆಯಾಗುವುದಿಲ್ಲ. ನಾಲ್ಕು ಜನ ದಿನಕ್ಕೊಂದು ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 50 ಯೂನಿಟ್. ಅದೇ ನಾಲ್ವರು ಐದೈದು ನಿಮಿಷ ಶವರ್ ಕೆಳಗೆ ನಿಂತರೆ, ನಿಮಿಷಕ್ಕೆ 8 ಲೀಟರ್ ಲೆಕ್ಕದಲ್ಲಿ ತಲಾ 40 ಲೀಟರ್, ತಿಂಗಳಿಗೆ 100 ಯೂನಿಟ್. ಬಿಲ್ ಇಳಿಸಬೇಕೆಂದರೆ ಗೀಸರ್ ಬದಲಿಸುವ ಮೊದಲು ಶವರ್ ಬಿಟ್ಟು ಬಕೆಟ್ ಹಿಡಿಯುವುದೇ ದೊಡ್ಡ ಹೆಜ್ಜೆ.

ಅದರ ಮೇಲೆ ಸುಮ್ಮನೆ ಹಾಳಾಗುವ ಕರೆಂಟ್ ಇದೆ, ಅದನ್ನು ತಡೆಯಬಹುದು.

15 ಲೀಟರ್‌ನ 2 ಕಿಲೋವ್ಯಾಟ್ ಗೀಸರ್ ತಣ್ಣೀರನ್ನು 60 ಡಿಗ್ರಿಗೆ ತರಲು 20 ನಿಮಿಷ ತೆಗೆದುಕೊಳ್ಳುತ್ತದೆ, 25 ಲೀಟರ್‌ನದ್ದು 35 ನಿಮಿಷದ ಒಳಗೆ. ಮೊದಲ ಸ್ನಾನಕ್ಕೆ ಅಷ್ಟೇ ಮುಂಚೆ ಸ್ವಿಚ್ ಹಾಕಿ, ಎಲ್ಲರೂ ಬೆನ್ನುಬೆನ್ನಿಗೆ ಸ್ನಾನ ಮುಗಿಸಿ, ಕೊನೆಯವರು ಒಳಗೆ ಹೋಗುವಾಗಲೇ ಆರಿಸಿ. ದಿನವಿಡೀ ಹಾಕಿಟ್ಟರೆ ಟ್ಯಾಂಕ್ ತಣ್ಣಗಾಗುವುದು, ಮತ್ತೆ ಕಾಯುವುದು ನಡೆದೇ ಇರುತ್ತದೆ. ಥರ್ಮೋಸ್ಟಾಟ್ ಗುಂಡಿ ಹೊರಗಿದ್ದರೆ 50–55ಕ್ಕೆ ಇಳಿಸಿ. ಮುಚ್ಚಳದ ಒಳಗಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಉಗುರು ಬೆಚ್ಚಗಿನ ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ಸೂಕ್ಷ್ಮಾಣುಗಳಿಗೆ ಅನುಕೂಲ, ಆದ್ದರಿಂದ ವಾರಕ್ಕೊಮ್ಮೆ 60ಕ್ಕೆ ಕಾಯಿಸುವುದು ಕ್ಷೇಮ.

ವಾಶ್‌ಬೇಸಿನ್‌ಗೆ ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿ ಇದ್ದರೆ ಹಿಡಿಕೆಯನ್ನು ಪೂರ್ತಿ ತಣ್ಣೀರಿನ ಕಡೆಗೆ ತಿರುಗಿಸಿಡಿ. ನಡುವೆ ಬಿಟ್ಟರೆ ಕೈ ತೊಳೆದಾಗಲೆಲ್ಲ ಗೀಸರ್‌ನಿಂದ ಅರ್ಧ ನೀರು ಹೊರಡುತ್ತದೆ. ಬಿಸಿನೀರು ನಲ್ಲಿಗೆ ತಲುಪುವಷ್ಟರಲ್ಲಿ ನಿಮ್ಮ ಕೈ ತೊಳೆದಾಗಿರುತ್ತದೆ. ಗೀಸರ್ ಕೆಳಗಿನ ಪ್ರೆಷರ್ ವಾಲ್ವ್‌ನಿಂದ ಕಾಯುವಾಗ ನಾಲ್ಕು ಹನಿ ಬೀಳುವುದು ಸಹಜ. ಆರಿಸಿದ ಮೇಲೂ ಹನಿಯುತ್ತಿದ್ದರೆ ವಾಲ್ವ್ ಬದಲಿಸಬೇಕು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಯಿಲ್ ಮೇಲೆ ಬಿಳಿ ಗಟ್ಟಿ ಪದರ ಕೂರುತ್ತದೆ. ಅದರಿಂದ ಬಿಲ್ ದುಪ್ಪಟ್ಟಾಗುತ್ತದೆ ಎಂದು ಸರ್ವಿಸ್‌ನವರು ಹೆದರಿಸುವುದುಂಟು. ಅಷ್ಟಿಲ್ಲ, ಕಾಯಿಲ್ ನೀರಿನೊಳಗೇ ಇರುವುದರಿಂದ ಶಾಖ ಕೊನೆಗೆ ನೀರಿಗೇ ಹೋಗಬೇಕು. ನಿಜವಾದ ನಷ್ಟ ಬೇರೆ: ಕಾಯಿಲ್ ಅತಿಯಾಗಿ ಬಿಸಿಯಾಗಿ ಸುಟ್ಟುಹೋಗುತ್ತದೆ, ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಮ್ ರಾಡ್ ಸವೆದು ಟ್ಯಾಂಕೇ ತೂತಾಗುತ್ತದೆ. ಗಡಸು ನೀರಿದ್ದಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ಕಾಯಿಲ್ ಸ್ವಚ್ಛ ಮಾಡಿಸಿ, ರಾಡ್ ಬೆರಳಿಗಿಂತ ತೆಳುವಾಗಿದ್ದರೆ ಹೊಸದು ಹಾಕಿಸಿ.

ಸೋಲಾರ್ ಗೀಸರ್ ಇರುವವರ ಬಿಲ್ ಏಕೆ ಇಳಿದಿಲ್ಲ ಎಂದರೆ ಬಹುಪಾಲು ಬ್ಯಾಕಪ್ ಕಾಯಿಲ್‌ನ ಸ್ವಿಚ್ ಸದಾ ಹಾಕಿರುವುದರಿಂದ. 200 ಲೀಟರ್ ಟ್ಯಾಂಕಿನ ನೀರು 20 ಡಿಗ್ರಿ ಏರಲು ನಾಲ್ಕೂವರೆ ಯೂನಿಟ್ ಬೇಕು. ರಾತ್ರಿ ಅದು ಕರೆಂಟಿನಲ್ಲಿ ಕಾದುಬಿಟ್ಟರೆ ಬೆಳಗ್ಗೆ ಬಿಸಿಲಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಮೋಡ ಮುಚ್ಚಿದ ದಿನದ ಮರುದಿನ ಬೆಳಗ್ಗೆ ಮಾತ್ರ ಅರ್ಧ ಮುಕ್ಕಾಲು ಗಂಟೆ ಹಾಕಿ. ತಾರಸಿಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಇದ್ದರೆ ಅದರಲ್ಲೇ ಐದಾರು ಲೀಟರ್ ನೀರು ತಣ್ಣಗೆ ನಿಂತಿರುತ್ತದೆ. ಅದನ್ನು ಚೆಲ್ಲದೆ ಬಕೆಟ್‌ಗೇ ಹಿಡಿದು ಬೆರಕೆ ನೀರಾಗಿ ಬಳಸಿ, ಪೈಪಿಗೆ ಫೋಮ್ ಕವಚ ಹಾಕಿಸಿ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ, ಕರಾವಳಿಯಲ್ಲಿ ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸುವ ಮನೆಗಳಿಗೆ ಈ ತಲೆನೋವು ಯಾವುದೂ ಇಲ್ಲ. ಆ ಒಲೆ ಕೀಳಿಸಿ ಗೀಸರ್ ಹಾಕಿಸುವ ಮೊದಲು ಮೇಲಿನ 50 ಯೂನಿಟ್ ನೆನಪಿರಲಿ.

ಸದಾ ಉರಿಯುವ ಸಣ್ಣ ಪುಟ್ಟವು

10 ವ್ಯಾಟ್‌ನ ವಸ್ತು ದಿನದ 24 ಗಂಟೆ ಚಾಲೂ ಇದ್ದರೆ ತಿಂಗಳಿಗೆ 7 ಯೂನಿಟ್. ಇದೊಂದು ಲೆಕ್ಕ ಬಾಯಲ್ಲಿರಲಿ.

ದೇವರ ಮನೆಯಲ್ಲಿ ಹಗಲೂ ರಾತ್ರಿ ಉರಿಯುವ ‘ಜೀರೋ ಬಲ್ಬ್’ ಹೆಸರಿಗೆ ಸೊನ್ನೆ, ತಿನ್ನುವುದು 12ರಿಂದ 15 ವ್ಯಾಟ್. ತಿಂಗಳಿಗೆ ಹತ್ತು ಯೂನಿಟ್ ಹತ್ತಿರ! ಅರ್ಧ ವ್ಯಾಟ್‌ನ ಎಲ್‌ಇಡಿ ಬಲ್ಬ್ ಅದೇ ಹೋಲ್ಡರ್‌ಗೆ ಕೂರುತ್ತದೆ, ಕೆಲವೇ ಹತ್ತು ರೂಪಾಯಿಗೆ ಸಿಗುತ್ತದೆ. ಈ ಇಡೀ ಲೇಖನದಲ್ಲಿ ಇದಕ್ಕಿಂತ ಅಗ್ಗದ ಉಳಿತಾಯ ಇನ್ನೊಂದಿಲ್ಲ.

ಸೆಟ್‌ಟಾಪ್ ಬಾಕ್ಸ್ ರಿಮೋಟ್‌ನಲ್ಲಿ ಆರಿಸಿದರೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಿರುತ್ತದೆ. ಗೋಡೆಯ ಸ್ವಿಚ್ ಆರಿಸಿ. ವೈಫೈ ರೂಟರ್ ಬೇಕೇ ಬೇಕೆನ್ನುವವರು ಬಿಟ್ಟುಬಿಡಿ, ರಾತ್ರಿ ಬೇಡದವರು ಆರಿಸಿ.

ಇವೆಲ್ಲಕ್ಕಿಂತ ಕಳ್ಳ ಯುಪಿಎಸ್. ಬ್ಯಾಟರಿ ಚೆನ್ನಾಗಿದ್ದಾಗ ಅದು ಸುಮ್ಮನೆ ಕೂತು ಹತ್ತಿಪ್ಪತ್ತು ವ್ಯಾಟ್ ಎಳೆಯುತ್ತದೆ. ಬ್ಯಾಟರಿ ಹಳತಾಗಿ ಚಾರ್ಜ್ ಹಿಡಿಯದಂತಾದರೆ ಯುಪಿಎಸ್ ಚಾರ್ಜ್ ಮಾಡುತ್ತಲೇ ಇರುತ್ತದೆ, ನೂರು ವ್ಯಾಟ್ ಆದರೂ ಆಶ್ಚರ್ಯವಿಲ್ಲ. ಅಲ್ಲಿಗೆ ತಿಂಗಳಿಗೆ 70 ಯೂನಿಟ್ ಹೋಯಿತು. ಎರಡು ದಿನದಿಂದ ಕರೆಂಟ್ ಹೋಗಿಲ್ಲ, ಆದರೂ ಬ್ಯಾಟರಿ ಮುಟ್ಟಿದರೆ ಬಿಸಿ, ಡಿಸ್ಟಿಲ್ಡ್ ವಾಟರ್ ತಿಂಗಳಿಗೊಮ್ಮೆ ಖಾಲಿಯಾಗುತ್ತಿದೆ, ಕರೆಂಟ್ ಹೋದರೆ ಅರ್ಧ ಗಂಟೆಗೇ ಕೂಗುತ್ತದೆ ಎಂದರೆ ಬ್ಯಾಟರಿ ಮುಗಿದಿದೆ. ಮೀಟರ್ ದೀಪ ಎಣಿಸಿ ಖಚಿತ ಮಾಡಿಕೊಳ್ಳಿ. ನೀರಿನ ಮಟ್ಟ ತೋರಿಸುವ ಕಡ್ಡಿಗಳು ಕೆಂಪು ಗುರುತಿಗೆ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಫಿಲ್ಟರ್ ನೀರು, ಮಳೆ ನೀರು ಬೇಡ.

ಫ್ರಿಜ್

ಹೊಸ ಫ್ರಿಜ್‌ನ ಸ್ಟಾರ್ ಲೇಬಲ್‌ನಲ್ಲಿ ನಕ್ಷತ್ರಕ್ಕಿಂತ ಕೆಳಗಿರುವ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಅಂಕಿ ನೋಡಿ. ಸ್ಟಾರ್ ಲೇಬಲ್ ಕೊಡುವ ಕೇಂದ್ರದ ಸಂಸ್ಥೆ ಬಿಇಇ ಕಾಲಕಾಲಕ್ಕೆ ಮಾನದಂಡ ಬಿಗಿ ಮಾಡುತ್ತದೆ, ಹಾಗಾಗಿ ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ನಿಮ್ಮ ಹಳೆಯದು ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಊರಿಗೆ ಹೋಗುವಾಗ ಫ್ರಿಜ್ ಒಂದನ್ನೇ ಬಿಟ್ಟು ಉಳಿದದ್ದೆಲ್ಲ ಆರಿಸಿ, ಹೋಗುವಾಗ ಬರುವಾಗ ರೀಡಿಂಗ್ ಬರೆದುಕೊಳ್ಳಿ. ದಿನಕ್ಕೆ ಎರಡು ಯೂನಿಟ್ ಮೀರಿದರೆ ಮೊದಲು ಬಾಗಿಲಿನ ರಬ್ಬರ್ ಪರೀಕ್ಷಿಸಿ: ಹತ್ತು ರೂಪಾಯಿ ನೋಟನ್ನು ರಬ್ಬರ್‌ಗೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ನಾಲ್ಕೂ ಬದಿ ಹೀಗೆ ನೋಡಿ. ಸಾಬೂನು ನೀರಲ್ಲಿ ರಬ್ಬರ್ ಒರೆಸಿದರೇ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲದಿದ್ದರೆ ರಬ್ಬರ್ ಮಾತ್ರ ಬದಲಿಸಬಹುದು. ಗೋಡೆಯಿಂದ ಒಂದು ಗೇಣು ದೂರವಿರಲಿ. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಸುತ್ತ ಅರ್ಧ ಸೆಂಟಿಮೀಟರ್ ಮಂಜುಗಡ್ಡೆ ಕಟ್ಟುವ ಮೊದಲೇ ಡಿಫ್ರಾಸ್ಟ್ ಒತ್ತಿ. ಗಡ್ಡೆಯನ್ನು ಚಾಕುವಿನಲ್ಲಿ ಕೆರೆಯಲು ಹೋಗಿ ಗ್ಯಾಸ್ ಪೈಪ್ ತೂತು ಮಾಡಿಕೊಂಡರೆ ಫ್ರಿಜ್ಜೇ ಹೋಯಿತು.

ಫ್ಯಾನು, ಕೂಲರ್, ಎಸಿ

ಸಾಮಾನ್ಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ಆಸುಪಾಸು, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 81 ಯೂನಿಟ್‌ನ ಜಾಗದಲ್ಲಿ 32. ಎಲ್ಲ ಕೋಣೆಗೂ ಒಮ್ಮೆಗೇ ಹಾಕಿಸಬೇಡಿ. ದಿನಕ್ಕೆ ಎಂಟು ಗಂಟೆ ಮೀರಿ ತಿರುಗುವ ಮಲಗುವ ಕೋಣೆ, ಹಾಲ್ ಸಾಕು. ಹಾಕಿಸುವಾಗ ಎಲೆಕ್ಟ್ರಿಷಿಯನ್ ಹಳೆಯ ರೆಗ್ಯುಲೇಟರ್ ತೆಗೆದು ನೇರ ಸ್ವಿಚ್‌ಗೆ ಕೊಟ್ಟಿದ್ದಾನೆಯೇ ನೋಡಿ. ರೆಗ್ಯುಲೇಟರ್ ಮೂಲಕ ಕೊಟ್ಟರೆ ಫ್ಯಾನ್‌ನೊಳಗಿನ ಸರ್ಕ್ಯೂಟ್ ಕೆಡಬಹುದು, ವಾರಂಟಿಯೂ ಸಿಗದೆ ಹೋಗಬಹುದು. ಹಳೆಯ ಫ್ಯಾನ್ ನಿಧಾನವಾಗಿದ್ದರೆ ಬಹುಪಾಲು ಕೆಪಾಸಿಟರ್ ಸೊರಗಿರುತ್ತದೆ, ಹೆಚ್ಚಿನವಕ್ಕೆ 2.5 ಮೈಕ್ರೋಫ್ಯಾರಡ್‌ನದ್ದು ಬರುತ್ತದೆ, ಹಳೆಯದರ ಮೇಲೆ ಬರೆದಿರುವ ಅಳತೆಯದ್ದನ್ನೇ ತನ್ನಿ.

ಬೇಸಿಗೆಯಲ್ಲಿ ಊರು ನೋಡಿ ಉಪಕರಣ. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ 150–200 ವ್ಯಾಟ್‌ನ ನೀರಿನ ಕೂಲರ್ ಎಸಿಯ ಮುಕ್ಕಾಲು ಕೆಲಸ ಮಾಡುತ್ತದೆ, ಒಂದು ಕಿಟಕಿ ತೆರೆದಿರಬೇಕು ಅಷ್ಟೇ. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಮೊದಲೇ ಒದ್ದೆಯಾದ ಗಾಳಿಗೆ ಇನ್ನಷ್ಟು ತೇವ ಸೇರಿ ಬೆವರು ಹೆಚ್ಚುತ್ತದೆ. ಅಲ್ಲಿ ಎಸಿಯೇ ಗತಿ: 26 ಡಿಗ್ರಿ ಇಟ್ಟು ಫ್ಯಾನ್ ಹಾಕಿ, ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ರಾತ್ರಿಯಿಡೀ ಎಸಿ ಓಡುವ ಏಪ್ರಿಲ್, ಮೇ ತಿಂಗಳಲ್ಲಿ 200ರ ಗೆರೆ ಹೇಗೂ ದಾಟುತ್ತದೆ. ಆ ಎರಡು ತಿಂಗಳು ಗೆರೆಯ ಚಿಂತೆ ಬಿಟ್ಟು ಉಳಿದ ಹತ್ತು ತಿಂಗಳ ಮೇಲೆ ಗಮನವಿಡುವುದು ಜಾಣತನ.

ಮೋಟಾರು, ಅಡುಗೆ

ಸಂಪಿನಿಂದ ತಾರಸಿಗೆ ಏರಿಸುವ 1 ಎಚ್‌ಪಿ ಮೋಟಾರು ಗಂಟೆಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ. ಎರಡು ಮಹಡಿಗೆ ಸಾವಿರ ಲೀಟರ್ ಏರಿಸಲು ಅರ್ಧ ಗಂಟೆ ಹಿಡಿದರೆ ಅದು ದೊಡ್ಡ ಖರ್ಚಲ್ಲ. ಮೊದಲು 25 ನಿಮಿಷಕ್ಕೆ ತುಂಬುತ್ತಿದ್ದ ಟ್ಯಾಂಕ್ ಈಗ 50 ನಿಮಿಷ ತೆಗೆದುಕೊಂಡರೆ ಮಾತ್ರ ಫುಟ್‌ವಾಲ್ವ್ ಸೋರುತ್ತಿದೆ, ಪೈಪ್ ಗಾಳಿ ಎಳೆಯುತ್ತಿದೆ ಅಥವಾ ಇಂಪೆಲ್ಲರ್ ಸವೆದಿದೆ. ಹಾಗೆಯೇ ಫ್ಲಶ್ ಟ್ಯಾಂಕಿಗೆ ಚಿಟಿಕೆ ಅರಿಶಿನ ಕದಡಿ ಅರ್ಧ ಗಂಟೆ ಬಿಟ್ಟು ಕಮೋಡ್ ನೋಡಿ. ಹಳದಿ ಇಳಿದಿದ್ದರೆ ಒಳಗಿನ ವಾಷರ್ ಸೋರುತ್ತಿದೆ, ನೀರಿನ ಬಿಲ್ಲೂ ಮೋಟಾರಿನ ಯೂನಿಟ್ಟೂ ಒಟ್ಟಿಗೇ ಹೋಗುತ್ತಿವೆ.

ಗ್ಯಾಸ್ ದುಬಾರಿ ಎಂದು ಇಂಡಕ್ಷನ್‌ಗೆ ಬದಲಾಗುವವರು ಲೆಕ್ಕ ಹಾಕಿ ಬದಲಾಗಬೇಕು. 14.2 ಕೆಜಿ ಸಿಲಿಂಡರ್‌ನಲ್ಲಿ ಆಗುವ ಅಡುಗೆಗೆ ಇಂಡಕ್ಷನ್‌ನಲ್ಲಿ ಸುಮಾರು 120–130 ಯೂನಿಟ್ ಬೇಕು. ಪೂರ್ತಿ ಬಿಲ್ ಕಟ್ಟುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. 170 ಯೂನಿಟ್‌ನಲ್ಲಿರುವ ಮನೆಗೆ ಮಾತ್ರ ಇಂಡಕ್ಷನ್ ಗೆರೆ ದಾಟಿಸುವ ಸಾಧನ. ಗ್ಯಾಸ್ ಉಳಿಸಲು ಕಡಲೆ, ಅಲಸಂದೆ ರಾತ್ರಿಯೇ ನೆನೆಹಾಕಿ, ಕುಕ್ಕರ್ ಮೊದಲ ವಿಷಲ್ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತುಗಳನ್ನು ಸೂಜಿಯಿಂದ ಬಿಡಿಸಿ, ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಕೂರಿಸಿ.

ತಾರಸಿ ಮೇಲೆ ಸೋಲಾರ್ ಪ್ಯಾನೆಲ್

ಇದು 200 ದಾಟುವವರಿಗೆ, ಅದರಲ್ಲೂ 300 ಯೂನಿಟ್ ಮೇಲಿನವರಿಗೆ ಹೇಳಿದ್ದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟರೆ ಒಟ್ಟು 78,000 ಸಬ್ಸಿಡಿ ಇದೆ. ಕಿಲೋವ್ಯಾಟ್‌ಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಕೊಟೇಶನ್ ಕೇಳುವ ಮೊದಲು ತಾರಸಿಯಲ್ಲಿ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಓವರ್‌ಹೆಡ್ ಟ್ಯಾಂಕಿನ ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಪ್ಯಾನೆಲ್‌ನ ಮೂಲೆಗೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದ ಪ್ಯಾನೆಲ್‌ಗಳ ಉತ್ಪಾದನೆ ಕುಸಿಯಬಹುದು. ಟ್ಯಾಂಕ್‌ನ ಉತ್ತರಕ್ಕೆ ಪ್ಯಾನೆಲ್ ಇಡಲು ಬಂದವರು ಒತ್ತಾಯಿಸಿದರೆ ಬೇರೆಯವರನ್ನು ಕರೆಸಿ.